ಮನೆ ಬಿಟ್ಟು ಹೋಗುವ ಷಡ್ಜ

ಪಾಶ್ಚಾತ್ಯ ವಾದ್ಯವೃಂದವೆಂದರೆ ಬರಿಯ ಗದ್ದಲವೆನ್ನುವ ಸಂಗೀತಪ್ರಿಯರು ನಮ್ಮಲ್ಲಿ ಕಡಮೆಯಿಲ್ಲ. ತಂಬೂರಿಯ ಶ್ರುತಿಗೆ ಪಳಗಿದ ಕಿವಿಗೆ ಹಾಗೆ ತೋರುವುದು ಸಹಜವೇ. ನಮ್ಮ ಕಚೇರಿಯಲ್ಲಿ ಷಡ್ಜವು ಕದಲುವುದಿಲ್ಲ. ಅವರಲ್ಲಿ ಷಡ್ಜವೇ ಮನೆ ಬಿಟ್ಟು ಹೊರಡುತ್ತದೆ. ಈ ಗುಟ್ಟೊಂದನ್ನು ಹಿಡಿದು ಬೀಥೋವನನ ‘ಲಿಯೊನೋರೆ’ ಮೂರನೆಯ ಓವರ್ಚರನ್ನು ಕೇಳಿನೋಡೋಣ. ಸುಮಾರು 14 ನಿಮಿಷಗಳ ಕೃತಿ.

ತೆರೆಯೇಳುವ ಮುನ್ನ ವಾದ್ಯವೃಂದವು ನುಡಿಸುವ ಪ್ರಸ್ತಾವನೆಯೇ ಓವರ್ಚರ್. ನಮ್ಮ ನಾಟಕದ ಪೂರ್ವರಂಗವಿದ್ದಂತೆ. ಇದು ‘ಫಿಡೇಲಿಯೋ’ ಎಂಬ ಗೀತನಾಟಕಕ್ಕಾಗಿ ಬರೆದದ್ದು. ಸತ್ಯವನ್ನಾಡಿದ ಫ್ಲೊರೆಸ್ಟಾನನನ್ನು ಸೆರೆಮನೆಯ ಅಧಿಪತಿ ಪಿಜಾರೋ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾನೆ. ಹೆಂಡತಿ ಲಿಯೊನೋರೆ ಗಂಡುವೇಷ ಧರಿಸಿ, ಅದೇ ಸೆರೆಮನೆಯಲ್ಲಿ ಚಾಕರಿಗೆ ಸೇರಿ, ಪತಿಯನ್ನು ಅರಸುತ್ತಾಳೆ. ಸಾವಿತ್ರಿಯ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೃತಿಯ ‘ಕೀ’, ಎಂದರೆ ಆಧಾರಸ್ವರ, ಸಿ. ಅದನ್ನು ಷಡ್ಜವೆಂದಿಟ್ಟುಕೊಂಡರೆ ಸ್ವರಗಳು ನಮ್ಮ ಶಂಕರಾಭರಣದವು. ಗತಿ ಅಡಾಜಿಯೋ, ವಿಳಂಬ. ವೃಂದವೆಲ್ಲವೂ ಪಂಚಮದಲ್ಲಿ ಒಮ್ಮೆ ಮೊಳಗಿ, ಮೆಟ್ಟಿಲಿಳಿದಂತೆ ಇಳಿಯತೊಡಗುತ್ತದೆ: ಪ ಮ ಗ ರಿ ಸ ನಿ ದ ಪ. ಮುಂದಿನ ಮೆಟ್ಟಿಲು ಶುದ್ಧಮಧ್ಯಮವಾಗಬೇಕು. ಕಾಲಿಟ್ಟರೆ ಪ್ರತಿಮಧ್ಯಮ! ಕತ್ತಲೆಯಲ್ಲಿ ನೆಲ ಸಿಕ್ಕದವನ ಪಾಡು. ಕ್ಷಣಕಾಲ ತಡವರಿಸಿ ಷಡ್ಜವು ಶುದ್ಧಧೈವತದ ಸ್ಥಾನಕ್ಕೆ ಸರಿಯುತ್ತದೆ; ಅಲ್ಲಿ ಕ್ಲಾರಿನೆಟ್ಟುಗಳೂ ಬಸೂನುಗಳೂ ಸೆರೆಯಾಳಿನ ಹಾಡನ್ನು, ಕಳೆದ ಯೌವನವನ್ನು ನೆನೆಯುವ ಹಾಡನ್ನು, ಮೆಲ್ಲನೆ ನುಡಿಸುತ್ತವೆ. ಹೀಗೆ ಆಧಾರಸ್ವರವು ಸ್ಥಳಾಂತರಗೊಳ್ಳುವುದಕ್ಕೆ ‘ಮಾಡ್ಯುಲೇಷನ್’ ಎಂದು ಹೆಸರು. ನಮ್ಮ ಗ್ರಹಭೇದದ ನೆನಪಾಗಬಹುದು. ಆದರೆ ಗ್ರಹಭೇದದಲ್ಲಿ ಸ್ವರಗಳು ಅವೇ ಉಳಿಯುತ್ತವೆ, ಇಲ್ಲಿ ಅವೂ ಬದಲಾಗುತ್ತವೆ.

ಬಳಿಕ ಅಲೆಗ್ರೋ, ದ್ರುತಗತಿ. ಪಿಟೀಲುಗಳೂ ಚೆಲ್ಲೋಗಳೂ ‘ಪಿಯಾನಿಸ್ಸಿಮೋ’, ಪಿಸುಮಾತಿನಷ್ಟು ಮೆಲ್ಲನೆ, ಸಿ ಸ್ವರದ ಮನೆಯಿಂದ ಮೇಲೇರುತ್ತವೆ. ಆ ಪಿಸುಮಾತು ಬೆಳೆಬೆಳೆದು ವೃಂದದ ಮೊಳಗಾಗುವುದೇ ‘ಕ್ರೆಷೆಂಡೋ’. ಗತಿ, ನಾದಗಳ ಈ ಪದಗಳೆಲ್ಲ ಇಟಲಿಯವು. ಜರ್ಮನನಾದ ಬೀಥೋವನನೂ ಇವನ್ನೇ ಬಳಸಿದ.

ಹೋರಾಟ ಏರಿದ ಹೊತ್ತಿನಲ್ಲಿ ವೃಂದವು ಥಟ್ಟನೆ ನಿಲ್ಲುತ್ತದೆ. ವೇದಿಕೆಯ ಹೊರಗೆಲ್ಲೋ ಒಂದು ತುತ್ತೂರಿ! ಪಿಜಾರೋ ಕಠಾರಿ ಹಿರಿದು ಬಂದಿದ್ದಾನೆ, ಲಿಯೊನೋರೆ ಪಿಸ್ತೂಲು ಹಿಡಿದು ಅಡ್ಡ ನಿಂತಿದ್ದಾಳೆ, ಆಗ ಮಂತ್ರಿಯ ಆಗಮನವನ್ನು ಸಾರುವ ಕರೆಯಿದು. ಆದರೆ ವೃಂದವು ಹರ್ಷದಿಂದ ಕೂಗುವುದಿಲ್ಲ. ಕೇಳಿದ್ದನ್ನು ನಂಬಲಾರದವರಂತೆ ಮೆಲುದನಿಯಲ್ಲಿ ಮಾತನಾಡಿಕೊಳ್ಳುತ್ತದೆ. ಮತ್ತೊಮ್ಮೆ ಕರೆ. ಅದೂ ಮೂಲ ಷಡ್ಜದಲ್ಲಲ್ಲ, ಕೈಶಿಕಿ ನಿಷಾದವನ್ನು ಆಧಾರ ಮಾಡಿಕೊಂಡು. ಬಿಡುಗಡೆಯ ಸುದ್ದಿ ಬಂದಿದೆ, ಮನೆ ಇನ್ನೂ ದೂರ. ಕೊಳಲು ದಾರಿ ತೋರಿದ ಮೇಲಷ್ಟೇ ಸಿ ಮತ್ತೆ ಕೈಗೆ ಸಿಗುತ್ತದೆ. ‘ಕೋಡಾ’, ಎಂದರೆ ಮುಕ್ತಾಯ, ಅತಿದ್ರುತದ ‘ಪ್ರೆಸ್ಟೋ’. ಅದನ್ನು ಆರಂಭಿಸುವವರು ಎರಡು ಮೂರು ಪಿಟೀಲಿನವರು ಮಾತ್ರ. ಉಳಿದವರು ಒಬ್ಬೊಬ್ಬರಾಗಿ ಓಡಿಬಂದು ಕೂಡಿಕೊಂಡಂತೆ ಕೇಳುತ್ತದೆ.

1805ರ ನವೆಂಬರಿನಲ್ಲಿ ನಾಟಕವು ವಿಯೆನ್ನಾದಲ್ಲಿ ರಂಗವೇರಿದಾಗ ನೆಪೋಲಿಯನನ ಸೈನ್ಯ ನಗರವನ್ನು ಹಿಡಿದು ಒಂದು ವಾರವಾಗಿತ್ತು. ಮೂರೇ ಪ್ರದರ್ಶನಗಳಿಗೆ ನಿಂತುಹೋಯಿತು. 1806ರಲ್ಲಿ ತಿದ್ದಿ ಆಡಿಸಿದಾಗ ಬಂದದ್ದು ಈ ಓವರ್ಚರ್. ಇದರ ದೋಷ ಒಂದೇ: ಕಥೆಯನ್ನೆಲ್ಲ ಮೊದಲೇ ಹೇಳಿಬಿಡುತ್ತದೆ. ಇಷ್ಟಾದ ಮೇಲೆ ತೆರೆ ಎದ್ದು, ಸೆರೆಮನೆಯ ಕಾವಲುಗಾರನ ಮಗಳ ಮದುವೆಯ ಮಾತು ಆರಂಭವಾದರೆ ಯಾರಿಗೆ ರುಚಿಸೀತು? 1814ರಲ್ಲಿ ಬೀಥೋವನನು ಚಿಕ್ಕದಾದ ಬೇರೊಂದನ್ನು ಬರೆದ. ಇದು ಸಂಗೀತ ಸಭೆಗಳ ಪಾಲಾಯಿತು.

ಧ್ವನಿಮುದ್ರಿಕೆಯನ್ನು ಕೇಳುವಾಗ ಮನೆಯ ಶ್ರುತಿಪೆಟ್ಟಿಗೆಯನ್ನು ಸಿ ಶ್ರುತಿಗೆ ಹೊಂದಿಸಿ, ತಗ್ಗಿದ ದನಿಯಲ್ಲಿ ಪಕ್ಕಕ್ಕಿಟ್ಟುಕೊಳ್ಳಿ. ಅದು ಕಿವಿಗೆ ಒರಟಾದೆಡೆಯಲ್ಲೆಲ್ಲ ಷಡ್ಜವು ಊರು ಬಿಟ್ಟಿದೆಯೇ ಎಂದು ವಿಚಾರಿಸಿ. ತುತ್ತೂರಿಯ ಹೊತ್ತಿಗೆ ಪೆಟ್ಟಿಗೆಯನ್ನು ನಿಲ್ಲಿಸಬೇಡಿ.