ತೆರಿಗೆಗೆ ಕಾಣುವ ಕಣ್ಣು ಕಳ್ಳತನಕ್ಕೆ ಕುರುಡೇ?

ತುಮಕೂರಿನ ಅಕ್ಕಿ ಗಿರಣಿಯ ಹಮಾಲಿಯಾಗಲಿ, ಗುಬ್ಬಿಯ ಕೊಬ್ಬರಿ ವ್ಯಾಪಾರಿಯಾಗಲಿ, ಕುಣಿಗಲ್ಲಿನ ಹೂ ಮಾರುವ ತಾಯಿಯಾಗಲಿ, ಇಂದು ದುಡ್ಡನ್ನು ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿಲ್ಲ. ಕೂಲಿ ಬ್ಯಾಂಕಿಗೆ ಬೀಳುತ್ತದೆ, ಹೂವಿನ ದುಡ್ಡು ಫೋನಿಗೆ ಬರುತ್ತದೆ. ಹೀಗೆಯೇ ಮಾಡಿರೆಂದು ಬೋಧಿಸಿದವರು ಸರ್ಕಾರದವರು, ಬ್ಯಾಂಕಿನವರು. ಆ ದುಡ್ಡು ಮಾಯವಾದಾಗ ಇವರ ಬಾಯಿಂದ ಬರುವ ಮೊದಲ ಮಾತೇನು? ‘ಓಟಿಪಿ ಯಾಕೆ ಕೊಟ್ಟೆ? ತಪ್ಪು ನಿನ್ನದೇ.’ ಈ ಮಾತನ್ನು ನಾವು ಒಪ್ಪುವುದಿಲ್ಲ.

2023ರಲ್ಲಿ ಬೆಂಗಳೂರಿನಲ್ಲಿ ಆದದ್ದೇನು? ಮನೆ, ನಿವೇಶನ ನೋಂದಾಯಿಸಿದ ಅನೇಕರ ಖಾತೆಗಳಿಂದ ಹಣ ಹೋಯಿತು. ಆಧಾರ್ ಸಂಖ್ಯೆಯೂ ಬೆರಳಚ್ಚೂ ಇದ್ದರೆ ಹಣ ತೆಗೆಯಬಹುದಾದ ಏರ್ಪಾಡೊಂದಿದೆ. ಅದಕ್ಕೆ ಓಟಿಪಿಯೂ ಬೇಡ, ಪಿನ್ನೂ ಬೇಡ. ನೋಂದಣಿ ಪತ್ರದ ಮೇಲಿನ ಬೆರಳಚ್ಚನ್ನೇ ಕಳ್ಳರು ನಕಲು ಮಾಡಿದರೆಂಬ ದೂರುಗಳು ಎದ್ದ ಮೇಲೆಯೇ ಪತ್ರಗಳಲ್ಲಿ ಬೆರಳಚ್ಚನ್ನು ಮರೆಮಾಡಲು ಸರ್ಕಾರ ಹೊರಟದ್ದು. ಸರ್ಕಾರ ಕೇಳಿದ ಕಡೆ ಹೆಬ್ಬೆಟ್ಟು ಒತ್ತಿದವನ ತಪ್ಪೇನು?

ಇನ್ನೊಂದು ಮುಖ ನೋಡಿ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಬೇಕರಿ, ತರಕಾರಿ, ಟೀ ಅಂಗಡಿಗಳವರಿಗೂ ನೋಟೀಸು ಕಳುಹಿಸಿತು. ಚಿಲ್ಲರೆ ವರ್ತಕರು ಒಟ್ಟಾಗಿ ಕೂಗೆಬ್ಬಿಸಿದ ಮೇಲೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳಬೇಕಾಯಿತು. ಟೀ ಅಂಗಡಿಗೆ ಬಂದ ಹತ್ತು ರೂಪಾಯಿಯೂ ಕಾಣುವ ಆಳುವವರ ಕಣ್ಣಿಗೆ, ಕೂಲಿಕಾರನ ಖಾತೆಯಿಂದ ಹಾರಿದ ಹತ್ತು ಸಾವಿರ ಯಾರ ಖಾತೆಗೆ ಹೋಯಿತೆಂಬುದು ಕಾಣುವುದಿಲ್ಲವೇ? ಕಳ್ಳನೂ ದುಡ್ಡನ್ನು ಇಳಿಸಿಕೊಳ್ಳುವುದು ಬ್ಯಾಂಕ್ ಖಾತೆಗೇ ಅಲ್ಲವೇ? ಆ ಖಾತೆಯನ್ನು ತೆರೆದುಕೊಟ್ಟವರು ಯಾರು?

ಬ್ಯಾಂಕಿನವರು ನಮಗೆ ಹೇಳದ ಮಾತೊಂದಿದೆ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶದ ಪ್ರಕಾರ, ತಪ್ಪು ಬ್ಯಾಂಕಿನದಾದರೆ ಗ್ರಾಹಕನಿಗೆ ನಷ್ಟವಿಲ್ಲ. ತಪ್ಪು ಇಬ್ಬರದೂ ಅಲ್ಲದೆ ವ್ಯವಸ್ಥೆಯಲ್ಲಿ ಬೇರೆಡೆ ಇದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೂ ನಷ್ಟವಿಲ್ಲ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಹಣ ಖಾತೆಗೆ ಜಮಾ ಆಗಬೇಕು. ಗ್ರಾಹಕನೇ ಹೊಣೆಯೆಂದು ರುಜುವಾತುಪಡಿಸುವ ಭಾರ ಬ್ಯಾಂಕಿನದು. ಪಿನ್ ಕೊಟ್ಟು ಮೋಸಹೋದವನು ಕೂಡ ದೂರು ಕೊಟ್ಟ ಮೇಲಿನ ನಷ್ಟವನ್ನು ಹೊರಬೇಕಿಲ್ಲ. ಇದನ್ನು ದಪ್ಪ ಕನ್ನಡ ಅಕ್ಷರದಲ್ಲಿ ಗೋಡೆಗೆ ಹಚ್ಚಲು ಇವರಿಗೆ ಬಂದ ಅಡ್ಡಿಯೇನು? ಸಾಲದ ಜಾಹೀರಾತಿಗೆ ಗೋಡೆ ಸಿಗುತ್ತದೆ, ನ್ಯಾಯಕ್ಕೆ ಸಿಗುವುದಿಲ್ಲ!

ಹಾಗೆಂದು ನಾವು ಮೈಮರೆಯಬಾರದು. ವೀರಣ್ಣನವರ ಗುಬ್ಬಿಯವರಿಗೆ ವೇಷವೇನು ಹೊಸದೇ? ರಂಗದ ಮೇಲಿನ ಪೊಲೀಸನಿಗೆ ಹೆದರಿ ಯಾರೂ ಗಂಟು ಬಿಚ್ಚಲಿಲ್ಲ. ಫೋನಿನ ಪರದೆಯ ಪೊಲೀಸನಿಗೂ ಬಿಚ್ಚಬೇಡಿ. ‘ಡಿಜಿಟಲ್ ಅರೆಸ್ಟ್’ ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತು ಎಂದವನು ಕಳ್ಳ. ಅಂಗಡಿಯ ಕ್ಯೂಆರ್ ಚೀಟಿಯ ಮೇಲೆ ಬೇರೆಯವರ ಚೀಟಿ ಅಂಟಿದೆಯೇ ಎಂದು ಬಾಗಿಲು ತೆರೆದೊಡನೆ ನೋಡಿ. ಗಿರಾಕಿ ತೋರಿಸುವ ಚಿತ್ರವನ್ನಲ್ಲ, ನಿಮ್ಮ ಖಾತೆಯನ್ನು ನಂಬಿ. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸಿ. ದುಡ್ಡು ಹೋದ ಕ್ಷಣವೇ 1930ಕ್ಕೆ ಕರೆಮಾಡಿ. ನಾಚಿಕೆಯಿಂದ ತಡಮಾಡಿದಷ್ಟೂ ಲಾಭ ಕಳ್ಳನಿಗೆ.

ನಮ್ಮ ಒತ್ತಾಯ ಇಷ್ಟು:

1. ಪ್ರತಿ ಶಾಖೆಯಲ್ಲೂ ಗ್ರಾಹಕನ ಹಕ್ಕುಗಳ ಕನ್ನಡ ಫಲಕ ತೂಗಬೇಕು.

2. ದೂರು ಕೊಟ್ಟವನಿಗೆ ಅಲ್ಲಿಯೇ ಲಿಖಿತ ರಸೀದಿ ಕೊಡಬೇಕು.

3. ಗುಬ್ಬಿ, ಕುಣಿಗಲ್ ಠಾಣೆಗಳಲ್ಲಿಯೇ ದೂರು ಬರೆದುಕೊಳ್ಳಬೇಕು. ದುಡ್ಡು ಕಳೆದುಕೊಂಡವನು ಒಂದು ದಿನದ ಕೂಲಿಯನ್ನೂ ಕಳೆದುಕೊಂಡು ತುಮಕೂರಿಗೆ ಅಲೆಯುವಂತಾಗಬಾರದು.

ಒಬ್ಬೊಬ್ಬರೇ ಕೌಂಟರಿನ ಮುಂದೆ ನಿಂತರೆ ‘ನಾಳೆ ಬಾ’ ಎನ್ನುತ್ತಾರೆ. ಗಿರಣಿಯವರೂ ಅಂಗಡಿಯವರೂ ಹತ್ತು ಜನ ಕೂಡಿ ನಿಂತು ನೋಡೋಣ, ಆಗ ಏನೆನ್ನುತ್ತಾರೋ!