ನಳಿಗೆ ನೋಡದೆ ಹೆಸರಿಡಬೇಡಿ

ಮೊನ್ನೆ ನಮ್ಮ ಕಾಲೇಜು ಗೆಳೆಯರ ವಾಟ್ಸಾಪ್ ಗ್ರೂಪಿಗೆ ಒಂದು ಯುದ್ಧದ ಫೋಟೋ ಬಂತು. ಕುಸಿದ ಮನೆ, ಕೆಸರು ರಸ್ತೆ, ನಡುವೆ ಒಂದು ಶರ್ಮನ್ ಟ್ಯಾಂಕ್. ಅದರ ಮೇಲೆ ಕೂತು ನಗುತ್ತಿರುವ ಇಬ್ಬರು ಹುಡುಗರು. ಹಳೇ ಕಪ್ಪು-ಬಿಳುಪು ಚಿತ್ರಕ್ಕೆ ಯಾರೋ ಚಂದ ಬಣ್ಣ ಹಾಕಿದ್ದರು. ಕೆಳಗೆ ಬರಹ: '6 ಜೂನ್ 1944, ನಾರ್ಮಂಡಿಯಲ್ಲಿ ಇಳಿದ ಅಮೆರಿಕನ್ ವೀರರು'. ಎಲ್ಲರೂ ಕೈ ಮುಗಿದರು. ನಾನೊಬ್ಬ ಗನ್ ನೋಡಿದೆ.

ಉದ್ದ ನಳಿಗೆ, ದೊಡ್ಡ ಟರೆಟ್. ಅಂದ್ರೆ 76 ಎಂಎಂ ಗನ್ನಿನ ಶರ್ಮನ್. ಅಮೆರಿಕನ್ನರು ಅದನ್ನು ನಾರ್ಮಂಡಿಯಲ್ಲಿ ಯುದ್ಧಕ್ಕೆ ಇಳಿಸಿದ್ದು ಜುಲೈ ಕೊನೆಯಲ್ಲಿ, ಆಪರೇಷನ್ ಕೋಬ್ರಾ ಹೊತ್ತಿಗೆ. ಜೂನ್ 6ಕ್ಕೆ ಆ ಕಡಲತೀರದಲ್ಲಿ ಅದು ಇರಲೇ ಇಲ್ಲ. ಹೀಗಂತ ಬರೆದೆ. ಬಂದ ಉತ್ತರ: 'ಒಂದೂವರೆ ತಿಂಗಳು ಆಚೀಚೆ ಆದ್ರೆ ಏನೀಗ ಗುರೂ?'

ಆ 'ಏನೀಗ'ಕ್ಕೇ ಈ ಬರಹ.

ಅಜ್ಜಿಯ ಮದುವೆ ಫೋಟೋದ ಹಿಂದೆ ಇಸವಿ ಬರೆದಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಹಿಂದೆ ನಿಂತ ಕಾರು ಯಾವುದು, ಗೋಡೆ ಮೇಲೆ ಕ್ಯಾಲೆಂಡರ್ ಇದೆಯಾ, ಸೋದರಮಾವ ಎಷ್ಟು ಎತ್ತರ ಬೆಳೆದಿದ್ದಾನೆ ಅಂತ ನೋಡಿ ಲೆಕ್ಕ ಹಾಕ್ತೀವಿ. ಟ್ಯಾಂಕಿನ ಫೋಟೋದಲ್ಲಿ ಆ ಕೆಲಸ ಮಾಡೋದು ಗನ್. ಅದು ಯಾವುದು ಅಂತ ಗೊತ್ತಾದರೆ ಇದಕ್ಕಿಂತ ಮೊದಲು ತೆಗೆದಿರಲು ಸಾಧ್ಯವಿಲ್ಲ ಅನ್ನುವ ಗೆರೆ ಸಿಗುತ್ತೆ. ಎಷ್ಟೋ ಸಲ ಯಾವ ದೇಶದ ಸೈನ್ಯ ಅನ್ನುವುದೂ ಸಿಗುತ್ತೆ. ಬರೆದಿಟ್ಟ ಶೀರ್ಷಿಕೆ ಸುಳ್ಳು ಹೇಳಬಹುದು, ಇನ್ನೂ ತಯಾರಾಗದ ಗನ್ ಫೋಟೋದೊಳಗೆ ಬಂದು ಕೂರಲ್ಲ.

ಹಾಗಂತ ಇದು ಸುಲಭದ ಕೆಲಸವಲ್ಲ. ಬರೀ '75 ಎಂಎಂ' ಅಂದ್ರೆ ಏನೂ ಹೇಳಿದ ಹಾಗಾಗಲಿಲ್ಲ. ಮಾಮೂಲಿ ಶರ್ಮನ್ ಗನ್ನಿನ ಬಾಯಿ 75 ಎಂಎಂ, ಜರ್ಮನ್ ಪ್ಯಾಂಥರ್ ಗನ್ನಿನ ಬಾಯಿಯೂ 75 ಎಂಎಂ. ಆದರೆ ಮೊದಲನೆಯದರ ಉದ್ದ ಬಾಯಿಯ ಅಗಲದ 40 ಪಟ್ಟು, ಅಂದರೆ 3 ಮೀಟರ್. ಎರಡನೆಯದರದು 70 ಪಟ್ಟು, 5.25 ಮೀಟರ್. ಜರ್ಮನ್ನರ ಪ್ಯಾಂಜರ್ 4 ಒಂದರಲ್ಲೇ 24 ಪಟ್ಟಿನದು, 43 ಪಟ್ಟಿನದು, 48 ಪಟ್ಟಿನದು ಅಂತ ಮೂರು ಗನ್ ಬಂದವು. ಕೊನೆಯ ಎರಡಕ್ಕೂ ಇರುವ ವ್ಯತ್ಯಾಸ 37.5 ಸೆಂಟಿಮೀಟರ್ ಅಷ್ಟೇ. ಟ್ಯಾಂಕ್ ಕ್ಯಾಮೆರಾ ಕಡೆಗೆ ಸ್ವಲ್ಪ ತಿರುಗಿದ್ದರೂ ನಳಿಗೆ ಮೊಟಕಾಗಿ ಕಾಣುತ್ತೆ, ಆ ವ್ಯತ್ಯಾಸ ಮಾಯ. ಇದೆಲ್ಲ ಗೊತ್ತಿದ್ದೂ ಎದುರಿನಿಂದ ತೆಗೆದ ಚಿತ್ರ ನೋಡಿ ಅರ್ಧ ಸೆಕೆಂಡಿನಲ್ಲಿ ತೀರ್ಪು ಕೊಡುವ ಪಂಡಿತರಿದ್ದಾರಲ್ಲ, ಅವರ ಮೇಲೂ ನನಗೆ ಅಷ್ಟೇ ಸಿಟ್ಟು. ಕಂಡ ಜರ್ಮನ್ ಟ್ಯಾಂಕನ್ನೆಲ್ಲ 'ಟೈಗರ್' ಅನ್ನುವವರ ವಿಷಯ ಬಿಡಿ.

ನಾನೂ ಎಡವಿದ್ದೇನೆ. ಒಂದು ಕೆನಡಾ ಪಡೆಯ ಶರ್ಮನ್ ನೋಡಿ 'ಗಿಡ್ಡ ನಳಿಗೆ, 75' ಅಂತ ಧೈರ್ಯವಾಗಿ ಬರೆದಿದ್ದೆ. ಗೆಳೆಯನೊಬ್ಬ ಸಮಾಧಾನವಾಗಿ ಕೇಳಿದ: ಮುಂದುಗಡೆ ಮಶೀನ್ ಗನ್ ಎಲ್ಲಿ? ಟರೆಟ್ ಹಿಂದೆ ಆ ಡಬ್ಬಿ ಏನು? ಮತ್ತೆ ನೋಡಿದೆ. ಅದು ಫೈರ್‌ಫ್ಲೈ. ಬ್ರಿಟಿಷರು ಶರ್ಮನ್ನಿಗೆ ತಮ್ಮ 17 ಪೌಂಡರ್ ಗನ್ ತುರುಕಿ ಮಾಡಿದ ಟ್ಯಾಂಕ್. ಗನ್ ಒಳಗೆಲ್ಲ ಜಾಗ ತಿಂದಿದ್ದರಿಂದ ರೇಡಿಯೋ ಹಿಂದಿನ ಡಬ್ಬಿಗೆ ಹೋಯ್ತು. ಮುಂದಿನ ಮಶೀನ್ ಗನ್ ತೆಗೆದು, ತೂತು ಮುಚ್ಚಿ, ಆ ಜಾಗದಲ್ಲಿ ಗುಂಡು ಇಟ್ಟರು. ಐದು ಜನರ ಸಿಬ್ಬಂದಿ ನಾಲ್ಕಾಯಿತು.

ಹಾಗಾದರೆ ನಳಿಗೆ ಗಿಡ್ಡ ಕಂಡಿದ್ದು ಹೇಗೆ? ಅದರ ಮುಂದಿನ ಅರ್ಧಕ್ಕೆ ಕೆಳಭಾಗದಲ್ಲಿ ಬಿಳಿ ಬಣ್ಣ ಬಳಿದಿದ್ದರು. ಉದ್ದ ನಳಿಗೆ ಕಂಡರೆ ಜರ್ಮನ್ನರು ಮೊದಲು ಅದಕ್ಕೇ ಗುರಿಯಿಡುತ್ತಾರೆ ಅನ್ನುವ ಭಯ. ನಾಲ್ಕು ಜೀವ ಉಳಿಸಲು ಹಚ್ಚಿದ ಬಣ್ಣ ಎಂಬತ್ತು ವರ್ಷದ ಮೇಲೆ, ಎಸಿ ರೂಮಿನಲ್ಲಿ ಕಾಫಿ ಕುಡೀತಾ ಕೂತಿದ್ದ ನನ್ನನ್ನು ಮೋಸ ಮಾಡ್ತು. ಅವತ್ತಿನಿಂದ ಗನ್ ಒಂದನ್ನೇ ನೋಡಿ ಹೆಸರಿಡುವುದು ಬಿಟ್ಟೆ.

ಈಗ ನನ್ನ ಅಸಲಿ ಜಗಳ. ಈ 'ಫೋಟೋ ಸ್ಪಷ್ಟ ಮಾಡುವ' ಆ್ಯಪ್‌ಗಳು. ಮಸುಕಾದ ಚಿತ್ರ ಹಾಕಿದ್ರೆ ಫಳಫಳ ಹೊಳೆಯುವ ಚಿತ್ರ ಕೊಡ್ತವೆ. ಆದರೆ ಹಳೇ ಫಿಲ್ಮಿನಲ್ಲಿ ಇಲ್ಲದ ಮಾಹಿತಿ ಎಲ್ಲಿಂದ ಬಂತು ಸ್ವಾಮಿ? ಊಹೆಯಿಂದ. ನಾನೇ ಒಂದು ಚಿತ್ರ ಹಾಕಿ ನೋಡಿದೆ. ಮೂಲದಲ್ಲಿ ನಳಿಗೆಯ ತುದಿಗೆ ಫೈರ್‌ಫ್ಲೈನ ಗುಂಡನೆಯ ಮಝಲ್ ಬ್ರೇಕ್ ಮಸುಕಾಗಿ ಕಾಣ್ತಿತ್ತು. ಆ್ಯಪ್ ಅದನ್ನು ಅಳಿಸಿ ನೀಟಾದ ಪೈಪ್ ಮಾಡಿ ಕೊಟ್ಟಿತು. ಬಿಳಿ ಬಣ್ಣದ ಅಲೆಗೆರೆಯನ್ನು ನೆರಳು ಅಂದುಕೊಂಡು ಒರೆಸಿಹಾಕ್ತು. ಇದ್ದ ಸಾಕ್ಷಿ ಹೋಯ್ತು, ಇಲ್ಲದ್ದು ಬಂತು. ಆಫೀಸಿನಲ್ಲಿ ಯಾರಾದರೂ ಲಾಗ್ ಫೈಲ್ ತಿದ್ದಿ 'ಓದೋಕೆ ಚೆನ್ನಾಗಿರಲಿ ಅಂತ ಮಾಡ್ದೆ' ಅಂದ್ರೆ ಸುಮ್ನೆ ಬಿಡ್ತೀವಾ? ಇದೂ ಅದೇ.

ಮಸುಕಾದದ್ದು ಮಸುಕಾಗೇ ಇರಲಿ. ಬಣ್ಣ ಹಾಕಲೇಬೇಕು ಅಂದ್ರೆ ಪಕ್ಕದಲ್ಲಿ ಮೂಲ ಚಿತ್ರವನ್ನೂ ಇಡಿ. ಗನ್ ಯಾವುದು ಅಂತ ತಿಳಿಯದಿದ್ದರೆ 'ಈ ಚಿತ್ರದಲ್ಲಿ ಗೊತ್ತಾಗಲ್ಲ' ಅಂತ ಬರೆಯಿರಿ. ಅದು ಸೋಲಲ್ಲ, ಅದೂ ಒಂದು ಸರಿ ಉತ್ತರ.

ಇನ್ನು ಆ ಏನೀಗ. ಟ್ಯಾಂಕಿನ ಮೇಲೆ ಕೂತ ಆ ಇಬ್ಬರು ಹುಡುಗರಿಗೆ ಮನೆ ಇತ್ತು. ಅವರ ಮೊಮ್ಮಕ್ಕಳು ಎಲ್ಲೋ ಕೂತು 'ತಾತ ಆ ದಿನ ಎಲ್ಲಿದ್ದ' ಅಂತ ಇವತ್ತಿಗೂ ಹುಡುಕ್ತಿರಬಹುದು. ನಾವು ತಪ್ಪು ತಾರೀಖು ಹಚ್ಚಿ ಫಾರ್ವರ್ಡ್ ಮಾಡಿದ ಪ್ರತಿ ಸಲ ಅವರು ತಪ್ಪು ಊರಿನಲ್ಲಿ, ತಪ್ಪು ತಿಂಗಳಲ್ಲಿ ಹುಡುಕ್ತಾರೆ. ಕೈ ಮುಗಿಯೋದು ಆಮೇಲೆ. ಮೊದಲು ಎರಡು ನಿಮಿಷ ಸರಿಯಾಗಿ ನೋಡೋಣ.