ಅಗರಬತ್ತಿ ಮಾರೋದು ನಾಚಿಕೆಯಂತೆ, ಪುಕ್ಕಟೆ ಕೇಳೋದು ಅಲ್ಲವಂತೆ!



ಕಳೆದ ರಾಜ್ಯೋತ್ಸವದ ಊಟದ ಹೊತ್ತಿನ ಮಾತು. ನೈರೋಬಿಯ ಪಾರ್ಕ್‌ಲ್ಯಾಂಡ್ಸಿನಲ್ಲಿ ನಮಗೆಲ್ಲ ಪರಿಚಯದ ಅಕ್ಕ ಒಬ್ಬರಿದ್ದಾರೆ. ಹೆಸರು ಬೇಡ, ಅವರಿಗೆ ಇಷ್ಟವಾಗಲ್ಲ. ಅಪ್ಪ ಅಮ್ಮ ಉಡುಪಿ ಕಡೆಯವರು, ಇವರು ಹುಟ್ಟಿದ್ದು ಇಲ್ಲೇ, ಕೀನ್ಯಾದ ಪ್ರಜೆ. ಮೂರು ವರ್ಷದಿಂದ ಮನೆಯ ಒಂದು ಕೋಣೆಯಿಂದಲೇ ನಮ್ಮ ನಾಡಿನ ಸಾಮಾನು ತರಿಸಿ ಮಾರುತ್ತಿದ್ದಾರೆ. ಬ್ಯಾಡಗಿ ಮೆಣಸಿನಕಾಯಿ, ಮೈಸೂರಿನ ಅಗರಬತ್ತಿ, ಚನ್ನಪಟ್ಟಣದ ಬೊಂಬೆ, ಚಿಕೋರಿ ಬೆರೆಸಿದ ಕಾಫಿಪುಡಿ. (ಕಾಫಿ ಬೆಳೆಯೋ ದೇಶಕ್ಕೆ ಕಾಫಿಪುಡಿಯೇ ಅಂತ ನಗಬೇಡಿ. ಇಲ್ಲಿಯ ಪುಡಿಯನ್ನು ನಮ್ಮ ಫಿಲ್ಟರಿಗೆ ಹಾಕಿ ಕುಡಿದು ನೋಡಿ, ಆಮೇಲೆ ಮಾತಾಡೋಣ.)

ಆ ದಿನ ನಮ್ಮ ಮಹಾಶಯರೊಬ್ಬರು ಎಲ್ಲರೆದುರೇ ಕೇಳಿದರು: "ಅಲ್ಲಮ್ಮಾ, ಎಂ.ಎಸ್ಸಿ ಮಾಡಿ ಅಗರಬತ್ತಿ ಮಾರ್ತೀರಲ್ಲ!" ಸುತ್ತ ಕೂತವರೆಲ್ಲ ನಕ್ಕರು. ಐದು ನಿಮಿಷ ಆಗಿರಲಿಲ್ಲ, ಅದೇ ಮಹಾಶಯರು, "ನಮ್ಮವರೇ ಅಲ್ವಾ, ಎರಡು ಪ್ಯಾಕೆಟ್ ಹಾಗೇ ಕೊಡಿ" ಅಂದರು. ಅಕ್ಕ ಕೊಟ್ಟರು.

ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ಒಂದು ಶನಿವಾರ ಅವರ ಲೆಕ್ಕಕ್ಕೆ ಎಕ್ಸೆಲ್ ಶೀಟ್ ಮಾಡಿಕೊಡಲು ಹೋದೆ. ಆ ಶೀಟ್ ನೋಡಿದ ಮೇಲೆ ನಗು ಬರಲಿಲ್ಲ.

ಲೆಕ್ಕ ನೀವೂ ನೋಡಿ. ಸರಕು, ಹಡಗು ಬಾಡಿಗೆ, ವಿಮೆ ಸೇರಿ ಮೊಂಬಾಸಾಕ್ಕೆ ಬರುವ ಹೊತ್ತಿಗೆ 1 ಲಕ್ಷ ಶಿಲಿಂಗ್ ಅಂತಿಟ್ಟುಕೊಳ್ಳಿ. ಶೇ. 25 ಸುಂಕದ ಸಾಮಾನಾದರೆ 25,000. ಅದನ್ನೂ ಸೇರಿಸಿ ಅದರ ಮೇಲೆ ಶೇ. 16 ವ್ಯಾಟ್, ಅಂದರೆ 20,000. ಆಮದು ಘೋಷಣೆ ಶುಲ್ಕ ಶೇ. 2.5. ರೈಲ್ವೆ ಅಭಿವೃದ್ಧಿಗೆ ಅಂತ ಇನ್ನೊಂದು ಲೆವಿ, 2024ರ ಡಿಸೆಂಬರಿನಲ್ಲಿ ಶೇ. 1.5 ಇದ್ದದ್ದು ಶೇ. 2 ಆಯಿತು. ಒಟ್ಟು 49,500. ಸರಕಿನ ಬೆಲೆಯ ಅರ್ಧ ಸರ್ಕಾರಕ್ಕೇ ಹೋಯಿತು! ಇನ್ನು ಕ್ಲಿಯರಿಂಗ್ ಏಜೆಂಟ್, ನೈರೋಬಿವರೆಗೆ ಸುಮಾರು 480 ಕಿಲೋಮೀಟರ್ ಲಾರಿ. ಇಷ್ಟೆಲ್ಲ ಆದಮೇಲೆ ಪ್ಯಾಕೆಟ್ಟಿಗೆ ಉಳಿಯೋದು ಎಷ್ಟು ಅಂತ ಇಲ್ಲಿ ಬರೆದರೆ ಅಕ್ಕನಿಗೆ ಮುಜುಗರ. ನಾವು ಎರಡು ಪ್ಯಾಕೆಟ್ ಪುಕ್ಕಟೆ ಕೇಳಿದಾಗ ಹತ್ತು ಪ್ಯಾಕೆಟ್ಟಿನ ಲಾಭ ಕೇಳಿದಂತೆ, ಅಷ್ಟು ತಿಳಿದಿರಲಿ.

ಮೊದಲ ಪೆಟ್ಟಿಗೆಯಲ್ಲಿ ಅವರು ದುಡ್ಡು ಕಳೆದುಕೊಂಡರು. 2005ರಿಂದ ಕೀನ್ಯಾದ ಮಾನಕ ಸಂಸ್ಥೆಯ ನಿಯಮವೊಂದಿದೆ. ಸರಕು ಹೊರಡುವ ದೇಶದಲ್ಲೇ ತಪಾಸಣೆಯಾಗಿ ಪ್ರಮಾಣಪತ್ರ ಸಿಗಬೇಕು, ಆಮೇಲೆ ಹಡಗು. "ಅದೆಲ್ಲ ಅಲ್ಲಿ ನೋಡ್ಕೋಬಹುದು ಬಿಡಿ ಮೇಡಂ" ಅಂದಿದ್ದ ಏಜೆಂಟನನ್ನು ನಂಬಿ ಕೆಟ್ಟರು. ಬಂದರಿನಲ್ಲಿ ಪೆಟ್ಟಿಗೆ ಕೂತಷ್ಟು ದಿನವೂ ಬಾಡಿಗೆ ಏರಿತು. ಎರಡನೇ ಸಲ ಒಂದು ಕಾಗದವೂ ತಪ್ಪಲಿಲ್ಲ.

ಇಷ್ಟು ಹೇಳಿದರೆ ನಮ್ಮವರ ಮಾಮೂಲಿ ಉತ್ತರ ಸಿದ್ಧ: "ವ್ಯಾಪಾರ ನಮ್ಮ ರಕ್ತದಲ್ಲಿಲ್ಲ ಸಾರ್, ಅದು ಗುಜರಾತಿಗಳಿಗೆ." ಯಾವ ರಕ್ತ ರೀ? ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಯಿತು. ನಮ್ಮ ಮಣ್ಣಿನ ಹೆಂಚು ಈ ಪೂರ್ವ ಆಫ್ರಿಕಾದ ಕರಾವಳಿಗೂ ಬಂತು. ಅದಕ್ಕೂ ಏಳು ಶತಮಾನ ಹಿಂದೆ, 12ನೇ ಶತಮಾನದಲ್ಲಿ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಮನೆ ಮಾಡಿಕೊಂಡು ಏಡನ್ನಿನ ಜತೆ ಕಾಗದ ಬರೆದೇ ವ್ಯಾಪಾರ ನಡೆಸಿದ. ಆ ಕಾಗದಗಳು ಕೈರೋದಲ್ಲಿ ಸಿಕ್ಕಿವೆ. ನಮ್ಮ ನೆಲಕ್ಕೆ ವ್ಯಾಪಾರ ಹೊಸದಲ್ಲ, ನಮ್ಮ ಡಿಗ್ರಿಗೆ ಅದು ಅವಮಾನ, ಅಷ್ಟೇ.

ಗುಜರಾತಿಗಳದು ರಕ್ತದ ಮಹಿಮೆಯೂ ಅಲ್ಲ. ಸ್ವಾಹಿಲಿಯಲ್ಲಿ ಅಂಗಡಿಗೆ 'ದುಕಾ' ಅನ್ನುತ್ತಾರೆ, ನಮ್ಮ ಕಡೆಯ 'ದುಕಾನ್' ಅದು. ಕಚ್ಛ್‌ನಿಂದ ಬಂದ ಅಲ್ಲಿದಿನ ವಿಶ್ರಾಂ ರೈಲು ಹಾಕುವ ಕಾಲದಲ್ಲಿ ಹಳಿಯುದ್ದಕ್ಕೂ ದುಕಾ ತೆರೆದ. ಅಂಥ ದುಕಾಗಳಲ್ಲಿ ಮುಂದೆ ಅಂಗಡಿ, ಹಿಂದೆ ಸಂಸಾರ. ಇದೇ ತಾನೇ ಮನೆಯಿಂದ ವ್ಯಾಪಾರ ಅಂದರೆ? ನಾವು ಆ ಹೊತ್ತಿನಲ್ಲಿ ಗುಮಾಸ್ತರ ಕುರ್ಚಿ ಹುಡುಕಿದೆವು. ಈಗ ಅದೇ ಕುರ್ಚಿಗೆ ಗಾಲಿ ಬಂದಿದೆ, ಎದುರಿಗೆ ಎರಡು ಮಾನಿಟರ್ ಇದೆ.

ಹಾಗಂತ ನಾಳೆಯೇ ಎಲ್ಲರೂ ಶುರು ಹಚ್ಚಿಕೊಳ್ಳಿ ಅನ್ನುತ್ತಿಲ್ಲ. ನನ್ನಂತೆ ಉದ್ಯೋಗದ 'ಡಿ' ಪರ್ಮಿಟ್ಟಿನಲ್ಲಿರುವವರು, ಅವರ ಜತೆ ಡಿಪೆಂಡೆಂಟ್ ಪಾಸಿನಲ್ಲಿ ಬಂದ ಮನೆಯವರು ಇಲ್ಲಿ ವ್ಯಾಪಾರ ಮಾಡುವಂತಿಲ್ಲ. ಹೂಡಿಕೆದಾರರ 'ಜಿ' ಪರ್ಮಿಟ್ಟಿಗೆ 1 ಲಕ್ಷ ಡಾಲರ್ ಬಂಡವಾಳ ತೋರಿಸಬೇಕು. ಸೂಟ್‌ಕೇಸಿನಲ್ಲಿ ತಂದು ವಾಟ್ಸಾಪಿನಲ್ಲಿ ಮಾರೋ ಕಳ್ಳದಾರಿ ಬೇಡವೇ ಬೇಡ. ಆದರೆ ಊರಿನ ತುದಿ ಖಾಲಿ ಇದೆಯಲ್ಲ! ರಫ್ತುದಾರನ ಐಇಸಿ ಸಂಖ್ಯೆಗೆ ಶುಲ್ಕ ಬರೀ 500 ರೂಪಾಯಿ, ಪ್ಯಾನ್ ಇದ್ದರೆ ಮನೆ ವಿಳಾಸದಲ್ಲೇ ಆನ್‌ಲೈನಿನಲ್ಲಿ ಸಿಗುತ್ತದೆ. ಮಸಾಲೆಗೆ ಸ್ಪೈಸಸ್ ಬೋರ್ಡಿನ ನೋಂದಣಿ ಬೇಕು. ಹಾವೇರಿಯಲ್ಲೋ ಮೈಸೂರಲ್ಲೋ ಇರುವ ನಿಮ್ಮ ತಮ್ಮ, ಅತ್ತಿಗೆ ಇದನ್ನು ಮಾಡಬಹುದು. ಈಗ ಅಕ್ಕನ ಪೆಟ್ಟಿಗೆ ಮುಂಬೈಯ ಮಧ್ಯವರ್ತಿಯ ಮೂಲಕ ನ್ಹಾವಾ ಶೇವಾದಲ್ಲಿ ಹಡಗು ಹತ್ತುತ್ತಿದೆ, ಕಮಿಷನ್ ಅವನಿಗೆ.

ಇನ್ನು ನನಗೆ ಹೆಚ್ಚು ಉರಿದದ್ದು ಹೇಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಇಲ್ಲಿ ಅಂಗಡಿಯಲ್ಲಿ ಖಾರ ಕಮ್ಮಿ, ಬಣ್ಣ ಜಾಸ್ತಿ ಇರೋ ಮೆಣಸು ಕೇಳಿದರೆ "ಕಾಶ್ಮೀರಿ" ಅನ್ನುತ್ತಾರೆ. ಅದಕ್ಕೇ ಅಕ್ಕ ಪ್ಯಾಕೆಟ್ ಮೇಲೆ ಇಂಗ್ಲಿಷಿನ ಪಕ್ಕದಲ್ಲಿ ಕನ್ನಡದಲ್ಲಿ 'ಬ್ಯಾಡಗಿ' ಅಂತ ಅಚ್ಚು ಹಾಕಿಸಿ ಅಂತ ಬೆಂಗಳೂರಿನ ಪ್ಯಾಕಿಂಗ್‌ನವರನ್ನು ಕೇಳಿದರು. ಬಂದ ಉತ್ತರ: "ಎಕ್ಸ್‌ಪೋರ್ಟ್ ಮಾಲಿಗೆ ಕನ್ನಡ ಯಾಕೆ ಮೇಡಂ? ಅರೇಬಿಕ್ ಬೇಕಾದ್ರೆ ಪ್ಲೇಟ್ ರೆಡಿ ಇದೆ." ಅರೇಬಿಕ್ಕಿಗೆ ಪ್ಲೇಟ್ ಯಾಕೆ ರೆಡಿ ಇದೆ? ಅದನ್ನು ಕೇಳಿ, ದುಡ್ಡು ಕೊಟ್ಟು, ಮಾಲು ಎತ್ತುವವರಿದ್ದಾರೆ. ನಾವು ಎತ್ತುವುದು ಬಾವುಟ ಮಾತ್ರ. ಕೊನೆಗೆ ಐನೂರು ಕಿಲೋ ಒಟ್ಟಿಗೆ ತಗೊಂಡರೆ ಹಾಕಿಕೊಡ್ತೀವಿ ಅಂದಿದ್ದಾರೆ. ಅಷ್ಟು ದುಡ್ಡು ಅಕ್ಕನ ಹತ್ತಿರ ಇಲ್ಲ.

ನೈರೋಬಿಯವರಿಗೆ ನನ್ನ ಬೇಡಿಕೆ ಇಷ್ಟೇ. ಒಂದು ವರ್ಷಕ್ಕೆ ನಿಮ್ಮ ಮನೆಗೆ ಬೇಕಾಗುವ ಮೆಣಸಿನಕಾಯಿ ಎಷ್ಟು ಕಿಲೋ ಅಂತ ಅಕ್ಕನಿಗೆ ತಿಳಿಸಿ, ಅರ್ಧ ದುಡ್ಡು ಈಗಲೇ ಎಂ-ಪೆಸಾ ಮಾಡಿ. ನನ್ನ ಮನೆಯದು ಆರು ಕಿಲೋ, ದುಡ್ಡು ಹೋಗಿದೆ. ಆ ಮಹಾಶಯರಿಗೂ ಈ ಪತ್ರ ಕಳಿಸಿದ್ದೇನೆ.